ಹೊಸ ಗಾಡಿ ಕೆಡುವುದೇಕೆ?

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ದಿನವೂ ಬರುವ ಸರಕಿನಲ್ಲಿ ಬಹುಪಾಲನ್ನು ಇಂದು ಹೊತ್ತು ತರುವುವು ಪಿಕಪ್ಪು ಗಾಡಿಗಳು. ಮಾವಿನ ಕಾಲದಲ್ಲಿ ಮಾವು, ಬೇಸಗೆಯಲ್ಲಿ ಚನ್ನಪಟ್ಟಣದ ಎಳನೀರು, ಕನಕಪುರದ ಗೂಡು, ಮಾಗಡಿಯ ತರಕಾರಿ, ಎಲ್ಲವೂ ಹಿಂಭಾಗದಲ್ಲಿ ತೆರೆದ ತೊಟ್ಟಿಯುಳ್ಳ ಈ ವಾಹನಗಳಲ್ಲಿಯೇ ಪೇಟೆಯನ್ನು ಸೇರುತ್ತವೆ. ಇವುಗಳ ಮಾಲೀಕರಲ್ಲಿ ಅನೇಕರು ದೊಡ್ಡ ಬಂಡವಾಳಗಾರರಲ್ಲ; ಸಾಲ ತೆಗೆದು ಒಂದೇ ಒಂದು ಗಾಡಿಯನ್ನು ಕೊಂಡು, ತಾವೇ ನಡೆಸಿ, ಅದರ ದುಡಿಮೆಯಿಂದಲೇ ತಿಂಗಳ ಕಂತನ್ನೂ ಮನೆಯ ಖರ್ಚನ್ನೂ ತೂಗಿಸತಕ್ಕವರು.

ಇಂತಹವನೊಬ್ಬನ ಗಾಡಿಯು ಕೊಂಡ ಮೂರನೆಯ ತಿಂಗಳಿನಲ್ಲಿ ಗೂಡಿನ ಹೊರೆಯೊಡನೆ ದಾರಿಯಲ್ಲಿ ನಿಂತಿತೆಂದು ಭಾವಿಸೋಣ. ಹುಳು ಗೂಡು ಕಟ್ಟಿದ ಸುಮಾರು ೧೦-೧೨ ದಿನಗಳಲ್ಲಿ ಪತಂಗವು ಗೂಡನ್ನು ತೂತುಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ನೂಲನ್ನು ಎಳೆ ಕಡಿಯದಂತೆ ಬಿಚ್ಚಲಾಗುವುದಿಲ್ಲ. ಗೂಡನ್ನು ಬಿಡಿಸುವುದಕ್ಕೇ ಐದಾರು ದಿನ ಕಳೆದಿರುವುದರಿಂದ, ಮಾರಾಟಕ್ಕೂ ಬಿಚ್ಚಾಣಿಕೆಗೂ ಉಳಿದ ಅವಧಿ ಬಹಳ ಕಿರಿದು. ಗೂಡಿಗೆ ವಾರಂಟಿ ಇಲ್ಲ. ಆಗ ಮಾಲೀಕನ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಏಳುವುದು ಸಹಜ. ಹೊಸ ಗಾಡಿಯೇ ಕೆಟ್ಟರೆ ಹಳತಾದ ಮೇಲೆ ಗತಿಯೇನು? ವಾರಂಟಿ ಇದ್ದೂ ತನಗೆ ನಷ್ಟವಾದದ್ದೇಕೆ? ಈ ಎರಡಕ್ಕೂ ವಿಜ್ಞಾನವು ಸ್ಪಷ್ಟವಾದ ಉತ್ತರವನ್ನು ಕೊಡಬಲ್ಲದು.

ವಿಶ್ವಾಸಾರ್ಹತೆ ಎಂದರೇನು?

ಬಳಕೆಯ ಮಾತಿನಲ್ಲಿ ನಾವು "ಈ ಗಾಡಿ ಗಟ್ಟಿ", "ಆ ಗಾಡಿ ಸುಮಾರು" ಎನ್ನುತ್ತೇವೆ. ಶಾಸ್ತ್ರದಲ್ಲಿ ಈ ಮಾತು ಸಾಲದು. ಒಂದು ಯಂತ್ರವು ಗೊತ್ತಾದ ಸ್ಥಿತಿಗಳಲ್ಲಿ, ಗೊತ್ತಾದ ಅವಧಿಯವರೆಗೆ, ತನ್ನ ಕೆಲಸವನ್ನು ಕೆಡದೆ ಮಾಡುವ ಸಂಭಾವ್ಯತೆಯೇ ಅದರ ವಿಶ್ವಾಸಾರ್ಹತೆ. ಈ ವ್ಯಾಖ್ಯೆಯ ಒಂದೊಂದು ಪದಕ್ಕೂ ಬೆಲೆಯುಂಟು. ಅವಧಿಯನ್ನು ಹೇಳದೆ ವಿಶ್ವಾಸಾರ್ಹತೆಯನ್ನು ಹೇಳುವಂತಿಲ್ಲ. ಹೊರೆ, ರಸ್ತೆ, ಧೂಳು ಮೊದಲಾದ ಸ್ಥಿತಿಗಳನ್ನು ಹೇಳದೆಯೂ ಹೇಳುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಸಂಭಾವ್ಯತೆ. ಅಂದರೆ ಹಲವು ಗಾಡಿಗಳ ಗುಂಪನ್ನು ಕುರಿತ ಮಾತು, ಒಂದೇ ಗಾಡಿಯ ಭವಿಷ್ಯವಲ್ಲ.

ರಾಮನಗರಕ್ಕೆ ಸಮೀಪದ ಬಿಡದಿಯಿಂದಲೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ೧೯೯೭ರಲ್ಲಿ ಸ್ಥಾಪಿತವಾದ ಟೊಯೋಟ ಕಿರ್ಲೋಸ್ಕರ್ ಕಂಪನಿಯ ಕಾರ್ಖಾನೆ ಅಲ್ಲಿದೆ. ೧೯೬೮ರಲ್ಲಿ ಜಪಾನಿನಲ್ಲಿ ಹುಟ್ಟಿದ ಹೈಲಕ್ಸ್ ಎಂಬ ಪಿಕಪ್ಪು ಬಿಡದಿಯಲ್ಲಿ ಸಿದ್ಧವಾಗಿ ೨೦೨೨ರಲ್ಲಿ ಭಾರತದ ಮಾರುಕಟ್ಟೆಗೆ ಬಂದಿತು. ೨೦೦೩ರಲ್ಲಿ ಬ್ರಿಟಿಷ್ ಬಿ.ಬಿ.ಸಿ.ಯ ಟಾಪ್ ಗೇರ್ ಎಂಬ ದೂರದರ್ಶನ ಕಾರ್ಯಕ್ರಮದವರು ಒಂದು ಹಳೆಯ ಹೈಲಕ್ಸನ್ನು ಸಮುದ್ರದ ಉಬ್ಬರದಲ್ಲಿ ಮುಳುಗಿಸಿ, ಬೆಂಕಿಯಿಟ್ಟು, ಕೆಡಹಲಿದ್ದ ಕಟ್ಟಡದ ಮೇಲಿರಿಸಿ ಕಟ್ಟಡದೊಡನೆ ಬೀಳಿಸಿದರು. ಅಷ್ಟಾದರೂ ಅದರ ಎಂಜಿನ್ನು ಮತ್ತೆ ಚಾಲೂ ಆಯಿತು. ನೋಡಿದವರಿಗೆ ಬೆರಗಾದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಶಾಸ್ತ್ರದೃಷ್ಟಿಯಿಂದ ಅದು ಒಂದೇ ಗಾಡಿಯ ಕಥೆ. ಒಂದು ಗಾಡಿ ಎಲ್ಲವನ್ನೂ ತಾಳಿತೆಂದು ಎಲ್ಲವೂ ತಾಳುತ್ತವೆಂದು ಹೇಳಲಾಗದು. ನೆರೆಯವನ ಒಂದು ಗಾಡಿ ಮೂರನೆಯ ತಿಂಗಳಿನಲ್ಲಿ ಕೆಟ್ಟಿತೆಂದು ಆ ಜಾತಿಯೇ ಕೆಟ್ಟದ್ದೆಂದೂ ಹೇಳಲಾಗದು.

ಸಾವಿರ ಕೊಂಡಿಗಳ ಸರಪಳಿ

ಹೊಸ ಗಾಡಿ ಕೆಡುವುದಕ್ಕೆ ಮೊದಲನೆಯ ಕಾರಣವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಒಂದು ವಾಹನದಲ್ಲಿ ಯಾವುದು ಕೆಟ್ಟರೂ ಮಾಲೀಕನು ವರ್ಕ್‌ಷಾಪಿಗೆ ಹೋಗಲೇಬೇಕಾದಂತಹ ೧,೦೦೦ ಭಾಗಗಳಿವೆಯೆಂದು ಭಾವಿಸೋಣ. ಒಂದೊಂದು ಭಾಗವೂ ಬಹಳ ಚೆನ್ನಾಗಿ ತಯಾರಾಗಿದ್ದು, ಮೊದಲ ವರ್ಷದಲ್ಲಿ ಸಾವಿರಕ್ಕೆ ಒಂದು ಮಾತ್ರ ಕೆಡುತ್ತದೆಂದು ಇಟ್ಟುಕೊಳ್ಳೋಣ. ಅಂದರೆ ಒಂದೊಂದು ಭಾಗದ ವಿಶ್ವಾಸಾರ್ಹತೆ ೦.೯೯೯. ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಸರಪಳಿ ಕಡಿಯುವಂತೆ ಇಲ್ಲಿಯೂ ಎಲ್ಲ ಭಾಗಗಳೂ ಒಟ್ಟಿಗೆ ಸರಿಯಾಗಿರಬೇಕು. ಆದಕಾರಣ ಇಡೀ ಗಾಡಿಯ ವಿಶ್ವಾಸಾರ್ಹತೆಯನ್ನು ತಿಳಿಯಲು ೦.೯೯೯ನ್ನು ಸಾವಿರ ಸಲ ಗುಣಿಸಬೇಕು. ಬರುವ ಫಲ ಸುಮಾರು ೦.೩೭.

ಇದರ ಅರ್ಥವೇನು? ನೂರು ಗಾಡಿಗಳಲ್ಲಿ ಒಂದೂ ದೂರಿಲ್ಲದೆ ವರ್ಷವನ್ನು ಕಳೆಯುವುವು ೩೭ ಮಾತ್ರ. ಉಳಿದ ೬೩ ಗಾಡಿಗಳು ಒಮ್ಮೆಯಾದರೂ ವರ್ಕ್‌ಷಾಪನ್ನು ಕಾಣುತ್ತವೆ. ಭಾಗಗಳು ಇನ್ನೂ ಹತ್ತುಪಟ್ಟು ಉತ್ತಮವಾಗಿ, ಹತ್ತು ಸಾವಿರಕ್ಕೆ ಒಂದು ಮಾತ್ರ ಕೆಡುವಂತಾದರೆ, ನೂರಕ್ಕೆ ೯೦ ಗಾಡಿಗಳು ದೂರಿಲ್ಲದೆ ಉಳಿಯುತ್ತವೆ. ಈ ಸಂಖ್ಯೆಗಳು ಉದಾಹರಣೆಗಾಗಿ ಹಿಡಿದವು. ಆದರೆ ತತ್ತ್ವವು ನಿಜವಾದುದು. ಭಾಗಗಳು ಹೆಚ್ಚಿದಷ್ಟೂ ಒಂದೊಂದರ ಗುಣಮಟ್ಟವೂ ಏರಬೇಕು. ಸಂವೇದಕಗಳು, ತಂತಿಜೋಡಣೆಗಳು, ಗಣಕಪೆಟ್ಟಿಗೆಗಳು ಸೇರಿರುವ ಇಂದಿನ ಗಾಡಿಯು, ಎಂಜಿನ್ನು ಹಿಂದಿನದಕ್ಕಿಂತ ಉತ್ತಮವಾಗಿದ್ದರೂ, ಎಚ್ಚರಿಕೆಯ ದೀಪವನ್ನು ಮೇಲಿಂದ ಮೇಲೆ ಹೊತ್ತಿಸುವುದಕ್ಕೆ ಇದೂ ಒಂದು ಕಾರಣ.

ಚಾಕಿ ಹುಳುವಿನ ಪಾಠ

ಎರಡನೆಯ ಕಾರಣವನ್ನು ರಾಮನಗರದ ರೇಷ್ಮೆ ಬೆಳೆಗಾರನು ಬೇರೆ ರೂಪದಲ್ಲಿ ಆಗಲೇ ಬಲ್ಲನು. ಮೊಟ್ಟೆಯೊಡೆದ ಹುಳುವು ಮೊದಲ ಎರಡು ಜ್ವರಗಳನ್ನು ದಾಟುವವರೆಗೆ ಬಹು ಸುಕುಮಾರವಾಗಿರುತ್ತದೆ. ಆದುದರಿಂದಲೇ ಅದನ್ನು ಚಾಕಿ ಕೇಂದ್ರದಲ್ಲಿ ಹದವಾದ ಶಾಖ ತೇವಗಳಲ್ಲಿ ಸಾಕಿ, ಎರಡನೆಯ ಜ್ವರ ಕಳೆದ ಮೇಲೆ ರೈತನಿಗೆ ಒಪ್ಪಿಸುವ ಪದ್ಧತಿ ಬಂದಿದೆ. ದುರ್ಬಲವಾದುವು ಅಲ್ಲಿಯೇ ಕಳೆದುಹೋಗುತ್ತವೆ. ರೈತನ ಮನೆಗೆ ಬರುವುವು ಗಟ್ಟಿಯಾದ ಹುಳುಗಳು.

ಯಂತ್ರಗಳಿಗೂ ಇಂತಹದೇ ಶೈಶವವುಂಟು. ಒಂದು ಜಾತಿಯ ಬಹಳ ಯಂತ್ರಗಳನ್ನು ತೆಗೆದುಕೊಂಡು, ತಿಂಗಳಿಗೆ ಎಷ್ಟು ಕೆಡುತ್ತವೆಂದು ಗುರುತಿಸಿ ರೇಖೆ ಎಳೆದರೆ, ಅದು ಅನೇಕ ವೇಳೆ ಸ್ನಾನದ ತೊಟ್ಟಿಯ ಅಡ್ಡನೋಟದಂತೆ ಕಾಣುತ್ತದೆ. ಮೊದಲಿನಲ್ಲಿ ರೇಖೆ ಎತ್ತರದಲ್ಲಿದ್ದು ಬೇಗ ಇಳಿಯುತ್ತದೆ. ನಡುವೆ ಬಹುಕಾಲ ಸಮತಟ್ಟಾಗಿರುತ್ತದೆ. ಕೊನೆಯಲ್ಲಿ ಮತ್ತೆ ಏರುತ್ತದೆ. ಮೊದಲನೆಯದು ಶೈಶವದ ಅವಧಿ. ಸರಿಯಾಗಿ ಬಿಗಿಯದ ಬೋಲ್ಟು, ಎರಕದೊಳಗೆ ಉಳಿದ ಗಾಳಿಗುಳ್ಳೆ, ಅರೆಬರೆ ಬೆಸೆದ ತಂತಿ, ವಾರೆಯಾಗಿ ಕುಳಿತ ಗ್ಯಾಸ್ಕೆಟ್ಟು, ಇವು ಕಾರ್ಖಾನೆಯ ಪರೀಕ್ಷೆಯ ಕಣ್ಣು ತಪ್ಪಿಸಿ ಬಂದರೆ ಮೊದಲ ಕೆಲವು ಸಾವಿರ ಕಿಲೋಮೀಟರುಗಳಲ್ಲಿಯೇ ಪ್ರಕಟವಾಗುತ್ತವೆ. ಎರಡನೆಯದು ಯೌವನ, ಆಗ ಕೆಡುವುದು ಆಕಸ್ಮಿಕಗಳಿಂದ. ಮೂರನೆಯದು ಮುಪ್ಪು, ಸವೆತ, ತುಕ್ಕು, ಲೋಹದ ದಣಿವುಗಳ ಕಾಲ. ಈ ಮೂರು ಅವಸ್ಥೆಗಳನ್ನೂ ಒಂದೇ ಬಗೆಯ ಗಣಿತಸೂತ್ರದಿಂದ ವರ್ಣಿಸಬಹುದು. ಸ್ವೀಡನ್ ದೇಶದ ವಲೋಡಿ ವೈಬುಲ್ ೧೯೫೧ರಲ್ಲಿ ಪ್ರಕಟಿಸಿದ ಲೇಖನದಿಂದ ಈ ಸೂತ್ರಕ್ಕೆ ಪ್ರಸಿದ್ಧಿ ಬಂದಿತು. ಇಂದಿಗೂ ಎಂಜಿನಿಯರುಗಳು ಭಾಗಗಳ ಆಯುಷ್ಯವನ್ನು ಅಂದಾಜುಮಾಡುವುದು ಬಹುಮಟ್ಟಿಗೆ ಅದರಿಂದಲೇ.

ಈಗ ನಮ್ಮ ಮೊದಲನೆಯ ಪ್ರಶ್ನೆಗೆ ಉತ್ತರ ದೊರೆಯಿತು. ಹೊಸ ಗಾಡಿ ಕೆಡುವುದು ಅದು ಹಳತಾದ ಮೇಲೆ ಇನ್ನೂ ಹೆಚ್ಚಾಗಿ ಕೆಡುತ್ತದೆಂಬುದರ ಸೂಚನೆಯಾಗಿರಲೇಬೇಕೆಂದಿಲ್ಲ. ಶೈಶವದ ದೋಷವನ್ನು ಸರಿಯಾಗಿ ತಿದ್ದಿದರೆ ಗಾಡಿ ರೇಖೆಯ ಸಮತಟ್ಟಾದ ಭಾಗವನ್ನು ಸೇರುತ್ತದೆ. ಆದರೆ ಅದೇ ದೋಷವು ಎರಡು ಮೂರು ಸಲ ಮರಳಿ ಬಂದರೆ ಅದು ಶೈಶವವಲ್ಲ. ತಯಾರಿಕೆಯಲ್ಲಿಯೋ ರಚನೆಯಲ್ಲಿಯೋ ಅಥವಾ ದುರಸ್ತಿಯಲ್ಲಿಯೋ ಇರುವ ತಪ್ಪು. ಈ ವ್ಯತ್ಯಾಸವನ್ನು ಮಾಲೀಕನು ಗುರುತಿಸತಕ್ಕದ್ದು.

ಹೊರೆ ಮತ್ತು ಲೋಹದ ದಣಿವು

೧೮೪೨ರ ಮೇ ೮ರಂದು ವರ್ಸೈಲ್ಸಿನಿಂದ ಪ್ಯಾರಿಸಿಗೆ ಹೋಗುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಹೊರೆಯನ್ನು ಎಷ್ಟೋ ಕಾಲ ತಾಳಿದ್ದ ಅಚ್ಚು ಒಂದು ದಿನ ಇದ್ದಕ್ಕಿದ್ದಂತೆ ಮುರಿಯುವುದೇಕೆ? ಆಗಸ್ಟ್ ವೋಲರ್ ಎಂಬ ಜರ್ಮನ್ ರೈಲ್ವೆ ಎಂಜಿನಿಯರು ೧೮೫೦ರಿಂದ ೧೮೭೦ರವರೆಗಿನ ಎರಡು ದಶಕಗಳಲ್ಲಿ ಅಚ್ಚುಗಳನ್ನು ಸಾವಿರ ಲಕ್ಷಗಟ್ಟಲೆ ಸಲ ಬಾಗಿಸಿ ಪರೀಕ್ಷಿಸಿ ಉತ್ತರವನ್ನು ಕಂಡನು. ಒಂದೇ ಸಲ ಹೇರಿದರೆ ಲೋಹವನ್ನು ಮುರಿಯಲಾರದ ಬಲವೂ ಮೇಲಿಂದ ಮೇಲೆ ಬಿದ್ದರೆ ಮುರಿಯಬಲ್ಲದು. ಒಳಗೆ ಕಣ್ಣಿಗೆ ಕಾಣದ ಬಿರುಕೊಂದು ಹುಟ್ಟಿ ಒಂದೊಂದು ಬಾಗಿಗೂ ಎಳ್ಳಷ್ಟೆಳ್ಳಷ್ಟು ಬೆಳೆಯುತ್ತದೆ. ಇದೇ ಲೋಹದ ದಣಿವು.

ಗಾಡಿಯ ಚಕ್ರದ ಸುತ್ತಳತೆ ಸುಮಾರು ೨ ಮೀಟರೆಂದು ಹಿಡಿದರೆ, ಕಿಲೋಮೀಟರಿಗೆ ಅದು ೫೦೦ ಸುತ್ತು ಸುತ್ತುತ್ತದೆ. ಒಂದು ಲಕ್ಷ ಕಿಲೋಮೀಟರಿಗೆ ೫ ಕೋಟಿ ಸುತ್ತು. ಈ ಸುತ್ತುಗಳಲ್ಲಿ ಹೊರೆಯ ಪಾತ್ರವೆಷ್ಟು? ಗುಂಡು ಬೇರಿಂಗುಗಳನ್ನು ಕುರಿತು ಸ್ವೀಡನ್ನಿನ ಲುಂಡ್‌ಬರ್ಗ್ ಮತ್ತು ಪಾಲ್ಮ್‌ಗ್ರೆನ್ ೧೯೪೭ರಲ್ಲಿ ಕೊಟ್ಟ ನಿಯಮ ಸುಲಭವಾಗಿದೆ: ಆಯುಷ್ಯವು ಹೊರೆಯ ಘನಕ್ಕೆ ವಿಲೋಮ ಪ್ರಮಾಣದಲ್ಲಿರುತ್ತದೆ. ಬೇರಿಂಗಿನ ಮೇಲಣ ಹೊರೆ ಎರಡರಷ್ಟಾದರೆ ಅದರ ಬಾಳಿಕೆ ಅರ್ಧವಾಗುವುದಿಲ್ಲ, ಎಂಟನೆಯ ಒಂದಾಗುತ್ತದೆ. ಉರುಳೆ ಬೇರಿಂಗುಗಳಲ್ಲಿ ಇಳಿತವು ಇದಕ್ಕೂ ಸ್ವಲ್ಪ ಹೆಚ್ಚು.

ಒಂದು ಗಾಡಿಯ ಹಿಂದಿನ ಅಚ್ಚು ತನ್ನ ಪಾಲಿನ ತೂಕ ೬೦೦ ಕಿಲೋಗ್ರಾಂ, ಸರಕು ೧,೨೦೦ ಕಿಲೋಗ್ರಾಂ, ಒಟ್ಟು ೧,೮೦೦ನ್ನು ಹೊರುವಂತೆ ರಚಿತವಾಗಿದೆಯೆನ್ನೋಣ. ಮಾಲೀಕನು ೩೦೦ ಕಿಲೋ ಹೆಚ್ಚಾಗಿ ಹೇರಿದರೆ ಅಚ್ಚಿನ ಮೇಲಣ ಭಾರ ೨,೧೦೦. ಇದು ಆರನೆಯ ಒಂದರಷ್ಟು ಹೆಚ್ಚಳ. ಕಣ್ಣಿಗೆ ಅಲ್ಪವೆಂದೇ ತೋರುತ್ತದೆ. ಆದರೆ ನಿಯಮದಂತೆ ಬೇರಿಂಗಿನ ಆಯುಷ್ಯ ನೂರಕ್ಕೆ ೬೩ಕ್ಕೆ ಇಳಿಯುತ್ತದೆ. ೯೦೦ ಕಿಲೋ ಹೆಚ್ಚಾಗಿ ಹೇರಿದರೆ ನೂರಕ್ಕೆ ೩೦ ಮಾತ್ರ ಉಳಿಯುತ್ತದೆ. ಸ್ಪ್ರಿಂಗು ಪಟ್ಟಿಗಳ ದಣಿವಿನಲ್ಲಿ ಹೊರೆಯ ಪ್ರಭಾವ ಇನ್ನೂ ತೀವ್ರವಾದುದು. ಹಳ್ಳ ಬಿದ್ದ ರಸ್ತೆಯಲ್ಲಿ ಒಂದೊಂದು ಕುಲುಕಾಟವೂ ಕ್ಷಣಕಾಲ ಭಾರವನ್ನು ಹೆಚ್ಚಿಸುವುದರಿಂದ ಪರಿಣಾಮವು ಕೂಡಿ ಬರುತ್ತದೆ. ಬ್ರೇಕಿನ ಮಾತೂ ಹಾಗೆಯೇ. ೩,೦೦೦ ಕಿಲೋ ತೂಕದ ಗಾಡಿಯನ್ನು ಗಂಟೆಗೆ ೬೦ ಕಿಲೋಮೀಟರ್ ವೇಗದಿಂದ ನಿಲ್ಲಿಸುವಾಗ ಸುಮಾರು ೪ ಲಕ್ಷದ ೧೭ ಸಾವಿರ ಜೂಲ್ ಶಕ್ತಿ ಶಾಖವಾಗಬೇಕು. ಅಷ್ಟು ಶಾಖ ೧೦ ಲೀಟರು ನೀರನ್ನು ೧೦ ಡಿಗ್ರಿ ಕಾಯಿಸಬಲ್ಲದು. ಹೊರೆ ಹೆಚ್ಚಿದಷ್ಟೂ ಈ ಶಾಖವೂ ಹೆಚ್ಚುತ್ತದೆ.

ಇದನ್ನು ಹೇಳುವುದು ಮಾಲೀಕನನ್ನು ದೂರುವುದಕ್ಕಲ್ಲ. ಬಾಡಿಗೆ ಕಡಿಮೆ, ಡೀಸೆಲ್ಲಿನ ಬೆಲೆ ಹೆಚ್ಚು ಇರುವಲ್ಲಿ ಒಂದು ಸುತ್ತಿನಲ್ಲಿ ಮುಗಿಯುವ ಹೊರೆಯನ್ನು ಎರಡು ಸುತ್ತಿಗೆ ಹಂಚುವುದು ಕಷ್ಟವೆಂಬುದು ಎಲ್ಲರಿಗೂ ತಿಳಿದಿದೆ. ಆದರೆ ಹೆಚ್ಚು ಹೊರೆಯ ಲಾಭವು ಇಂದು ಕೈಗೆ ಬರುತ್ತದೆ, ಅದರ ನಷ್ಟವು ಸಾವಿರಾರು ಕಿಲೋಮೀಟರುಗಳಾಚೆ ಕಾದಿರುತ್ತದೆ. ವಾರಂಟಿಯ ಪತ್ರದಲ್ಲಿ ಮಿತಿಮೀರಿದ ಹೊರೆಯಿಂದಾದ ಹಾನಿಯನ್ನು ಸಾಮಾನ್ಯವಾಗಿ ಹೊರಗಿಟ್ಟಿರುವುದರಿಂದ ಆ ನಷ್ಟವನ್ನು ತೆರುವವನೂ ಮಾಲೀಕನೇ.

ಮಸಿಯ ಜಾಲ

ಇತ್ತೀಚಿನ ಡೀಸೆಲ್ ಗಾಡಿಗಳ ಮಾಲೀಕರಲ್ಲಿ ಮತ್ತೊಂದು ದೂರು ಕೇಳಿಬರುತ್ತದೆ: ಗಾಡಿ ಚೆನ್ನಾಗಿಯೇ ಓಡುತ್ತಿದ್ದು ಒಂದು ದೀಪ ಹೊತ್ತಿಕೊಂಡು, ಆಮೇಲೆ ಎಂಜಿನ್ನಿನ ಬಲ ಕುಗ್ಗುತ್ತದೆ. ೨೦೨೦ರ ಏಪ್ರಿಲ್ ೧ರಿಂದ ಭಾರತದಲ್ಲಿ ಬಿಎಸ್-೬ ಎಂಬ ಹೊಗೆಯ ಕಟ್ಟಳೆ ಜಾರಿಗೆ ಬಂದಿತು. ಅದನ್ನು ಪಾಲಿಸಲು ಅನೇಕ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿಯುವ ಒಂದು ಜಾಲವನ್ನು ಇಟ್ಟಿರುತ್ತಾರೆ. ಮೆಕ್ಯಾನಿಕ್ಕುಗಳು ಡಿಪಿಎಫ್ ಎನ್ನುವುದು ಇದನ್ನೇ. ಜಾಲದಲ್ಲಿ ಸೇರಿದ ಮಸಿಯನ್ನು ಆಗಾಗ ಸುಟ್ಟು ಕಳೆಯಬೇಕು. ಅದಕ್ಕೆ ಹೊಗೆಯ ಶಾಖ ಸುಮಾರು ೬೦೦ ಡಿಗ್ರಿ ಸೆಲ್ಸಿಯಸ್ಸಿಗೆ ಏರಬೇಕು. ಊರೊಳಗೆ ನಾಲ್ಕು ಕಿಲೋಮೀಟರು ಹೋಗಿ ನಿಲ್ಲಿಸಿ, ಮತ್ತೆ ನಾಲ್ಕು ಕಿಲೋಮೀಟರು ಹೋಗುವ ಗಾಡಿಯಲ್ಲಿ ಆ ಶಾಖ ಬರುವುದಿಲ್ಲ; ಮಸಿ ತುಂಬುತ್ತ ಹೋಗುತ್ತದೆ. ಹೆದ್ದಾರಿಯಲ್ಲಿ ಒಂದೇ ಸಮನೆ ಓಡುವ ಗಾಡಿಯಲ್ಲಿ ಈ ತೊಂದರೆ ಅಪರೂಪ. ಒಂದೇ ಕಾರ್ಖಾನೆಯ ಒಂದೇ ಬಗೆಯ ಎರಡು ಗಾಡಿಗಳ ಅನುಭವ ಎರಡು ಬಗೆಯಾಗುವುದು ಹೀಗೆ. ಕೈಪಿಡಿಯಲ್ಲಿ ಹೇಳಿರುವಂತೆ, ದೀಪ ಹೊತ್ತಿದ ಕೂಡಲೆ ಸ್ವಲ್ಪ ಹೊತ್ತು ನಿಲ್ಲಿಸದೆ ಓಡಿಸಿದರೆ ಬಹುಸಲ ಮಸಿ ಉರಿದುಹೋಗುತ್ತದೆ. ದೀಪವನ್ನು ಅಲಕ್ಷಿಸಿದರೆ ದುರಸ್ತಿ ದುಬಾರಿಯಾಗುತ್ತದೆ.

ವಾರಂಟಿಯ ಅಳತೆ

ಈಗ ಎರಡನೆಯ ಪ್ರಶ್ನೆಗೆ ಬರೋಣ. ವಾರಂಟಿಯು ಗಾಡಿ ಕೆಡುವುದಿಲ್ಲವೆಂಬ ಮಾತಲ್ಲ. ಕೆಟ್ಟರೆ ಇಂತಿಂತಹ ಭಾಗವನ್ನು ಇಷ್ಟು ಅವಧಿಯೊಳಗೆ ಉಚಿತವಾಗಿ ಸರಿಮಾಡಿಕೊಡುತ್ತೇವೆಂಬ ಮಾತು. ಬ್ರೇಕಿನ ಲೈನಿಂಗು, ಕ್ಲಚ್ಚಿನ ತಟ್ಟೆ ಮುಂತಾಗಿ ಸವೆಯುವುದಕ್ಕಾಗಿಯೇ ಇರುವ ಭಾಗಗಳು ಸಾಮಾನ್ಯವಾಗಿ ಅದರೊಳಗೆ ಸೇರುವುದಿಲ್ಲ.

ಅವಧಿಯನ್ನೂ ಲೆಕ್ಕಹಾಕಿ ತಿಳಿಯಬೇಕು. "ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರು, ಯಾವುದು ಮೊದಲೋ ಅದು" ಎಂಬಂತಹ ಷರತ್ತು ವಾಡಿಕೆಯಲ್ಲಿದೆ. ರಾಮನಗರದಿಂದ ಬೆಂಗಳೂರಿಗೆ ಸುಮಾರು ೫೦ ಕಿಲೋಮೀಟರು. ದಿನಕ್ಕೆ ಎರಡು ಸಲ ಹೋಗಿ ಬರುವ ಗಾಡಿ ೨೦೦ ಕಿಲೋಮೀಟರು ಓಡುತ್ತದೆ. ವರ್ಷಕ್ಕೆ ೩೦೦ ದಿನ ದುಡಿದರೆ ೬೦,೦೦೦. ಅಂದರೆ ಒಂದು ಲಕ್ಷ ಮುಗಿಯುವುದು ಇಪ್ಪತ್ತು ತಿಂಗಳಿಗೆ. ಮೂರು ವರ್ಷವೆಂದು ನಂಬಿದ್ದವನ ವಾರಂಟಿ ಎರಡು ವರ್ಷ ತುಂಬುವ ಮೊದಲೇ ತೀರಿರುತ್ತದೆ.

ಇದಕ್ಕಿಂತಲೂ ಗಂಭೀರವಾದುದು ನಿಂತ ದಿನಗಳ ನಷ್ಟ. ಇದನ್ನು ಅಳೆಯಲು ಲಭ್ಯತೆ ಎಂಬ ಮಾನವುಂಟು: ಗಾಡಿ ದುಡಿದ ದಿನಗಳನ್ನು, ದುಡಿದ ಮತ್ತು ನಿಂತ ದಿನಗಳ ಮೊತ್ತದಿಂದ ಭಾಗಿಸಬೇಕು. ಒಂದು ಗಾಡಿ ಸರಾಸರಿ ೯೦ ದಿನಕ್ಕೊಮ್ಮೆ ಕೆಟ್ಟು, ಬಿಡಿಭಾಗ ಬರುವವರೆಗೆ ೧೦ ದಿನ ನಿಲ್ಲುತ್ತದೆಯೆನ್ನೋಣ. ಅದರ ಲಭ್ಯತೆ ನೂರಕ್ಕೆ ೯೦. ಇನ್ನೊಂದು ೩೦ ದಿನಕ್ಕೊಮ್ಮೆ ಕೆಟ್ಟರೂ ಒಂದೇ ದಿನದಲ್ಲಿ ರಿಪೇರಿಯಾಗುತ್ತದೆ; ಅದರ ಲಭ್ಯತೆ ನೂರಕ್ಕೆ ಸುಮಾರು ೯೭. ಮೂರು ಪಟ್ಟು ಹೆಚ್ಚು ಸಲ ಕೆಡುವ ಗಾಡಿಯೇ ಹೆಚ್ಚು ದಿನ ದುಡಿಯುತ್ತದೆ! ದಾರಿಯಲ್ಲಿ ನಿಂತಾಗ ಕೆಡುವ ಸರಕಿನ ಮಾತು ಬೇರೆ. ಆದರೆ ಕಂತು ಕಟ್ಟುವವನಿಗೆ ದುಡಿದ ದಿನಗಳೇ ಮುಖ್ಯ. ಆದಕಾರಣ ಗಾಡಿ ಕೊಳ್ಳುವವನು ವಾರಂಟಿ ಎಷ್ಟು ವರ್ಷವೆಂದು ಕೇಳಿದರೆ ಸಾಲದು. ಸರ್ವಿಸ್ ಕೇಂದ್ರ ಎಷ್ಟು ದೂರ, ಬಿಡಿಭಾಗ ಅಲ್ಲಿಯೇ ದಾಸ್ತಾನಿದೆಯೇ, ಬೇರೆ ಮಾಲೀಕರ ಗಾಡಿಗಳು ಅಲ್ಲಿ ಎಷ್ಟು ದಿನ ನಿಂತಿದ್ದವು ಎಂಬುದನ್ನೂ ವಿಚಾರಿಸಬೇಕು.

ಮಾಲೀಕನ ಕೈಯಲ್ಲಿರುವ ಉಪಾಯ

ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗೆ ಮೊದಲು ಕಲಿಸುವುದು ಕಂಡುದನ್ನು ಕಂಡ ಕೂಡಲೆ ಬರೆದಿಡುವುದನ್ನು. ಗಾಡಿಯ ಮಾಲೀಕನಿಗೂ ಇದಕ್ಕಿಂತ ದೊಡ್ಡ ಉಪಾಯವಿಲ್ಲ. ಒಂದು ನೋಟುಪುಸ್ತಕದಲ್ಲಿ ದಿನಾಂಕ, ಓಡಿದ ಕಿಲೋಮೀಟರು, ಇದ್ದ ಹೊರೆ, ಕಂಡ ದೋಷ, ಗಾಡಿಯನ್ನು ಬಿಟ್ಟ ದಿನ, ಮರಳಿ ಪಡೆದ ದಿನ ಇಷ್ಟನ್ನು ಬರೆದಿಡಲಿ. ಸರ್ವಿಸ್ ಕೇಂದ್ರದವರು ಬರೆಯುವ ಜಾಬ್ ಕಾರ್ಡಿನಲ್ಲಿ ತಾನು ಹೇಳಿದ ದೂರು ಹೇಳಿದಂತೆಯೇ ದಾಖಲಾಗಿದೆಯೇ ಎಂದು ಓದಿ ನೋಡಿ, ಅದರ ಪ್ರತಿಯನ್ನು ಪಡೆಯಲಿ. ಒಂದೇ ದೋಷ ಮೂರು ಸಲ ಬಂದುದನ್ನು ಬಾಯಿಮಾತಿನಲ್ಲಿ ಹೇಳಿದರೆ ಅದು ಗೊಣಗಾಟ. ದಿನಾಂಕಗಳೊಡನೆ ತೋರಿಸಿದರೆ ಅದು ಸಾಕ್ಷ್ಯ.

ಈ ಸಾಕ್ಷ್ಯಕ್ಕೆ ಕಾನೂನಿನಲ್ಲಿಯೂ ಸ್ಥಾನವಿದೆ. ೨೦೨೦ರ ಜುಲೈಯಲ್ಲಿ ಜಾರಿಗೆ ಬಂದ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯು ವಾಣಿಜ್ಯ ಉದ್ದೇಶಕ್ಕಾಗಿ ಕೊಂಡವನನ್ನು ಗ್ರಾಹಕನೆಂದು ಎಣಿಸುವುದಿಲ್ಲ. ಬಾಡಿಗೆಗೆ ಓಡುವ ಪಿಕಪ್ಪಿಗೆ ಹಾಗಾದರೆ ರಕ್ಷಣೆಯಿಲ್ಲವೆಂದು ಅನೇಕರು ತಿಳಿದಿರುವುದುಂಟು. ಆದರೆ ಸ್ವಯಂ ಉದ್ಯೋಗದಿಂದ ತನ್ನ ಜೀವನೋಪಾಯವನ್ನು ಗಳಿಸುವುದಕ್ಕಾಗಿಯೇ ಕೊಂಡು ತಾನೇ ಬಳಸುವವನು ಗ್ರಾಹಕನೆಂದು ಅದೇ ಕಾಯಿದೆ ವಿವರಿಸುತ್ತದೆ. ದೂರನ್ನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ಸಲ್ಲಿಸಬಹುದು. ಆದರೆ ವ್ಯಾಜ್ಯಕ್ಕೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಸಲ್ಲಿಸಬೇಕು. ಒಂದು ಜಾತಿಯ ಗಾಡಿಗಳಲ್ಲೆಲ್ಲ ಅಪಾಯಕರವಾದ ದೋಷ ಕಂಡರೆ, ತಯಾರಕರು ಅವನ್ನು ಹಿಂದಕ್ಕೆ ಕರೆಸಿ ಉಚಿತವಾಗಿ ಸರಿಪಡಿಸುವಂತೆ ಸರ್ಕಾರವು ಆಜ್ಞಾಪಿಸುವ ನಿಯಮವೂ ೨೦೨೧ರ ಏಪ್ರಿಲ್ ೧ರಿಂದ ಜಾರಿಯಲ್ಲಿದೆ. ಮಾಲೀಕರು ದೂರನ್ನು ದಾಖಲಿಸದಿದ್ದರೆ ಅಂತಹ ದೋಷವು ಒಬ್ಬೊಬ್ಬನ ದುರದೃಷ್ಟವಾಗಿಯೇ ಉಳಿದುಬಿಡುತ್ತದೆ.

ಕೆಡದ ಯಂತ್ರವನ್ನು ಇದುವರೆಗೆ ಯಾರೂ ಮಾಡಿಲ್ಲ. ಕೆಡುವ ಸಂಭವವನ್ನು ತಗ್ಗಿಸುವುದು ತಯಾರಕನ ಕರ್ತವ್ಯ. ಕೆಟ್ಟಾಗ ಬೇಗ ಸರಿಪಡಿಸುವುದು ಸರ್ವಿಸ್ ಕೇಂದ್ರದ ಕರ್ತವ್ಯ. ಹೊರೆಯನ್ನು ಮಿತಿಯಲ್ಲಿಟ್ಟು ಲೆಕ್ಕವನ್ನು ಬರೆದಿಡುವುದು ಮಾಲೀಕನ ಕರ್ತವ್ಯ. ಈ ಮೂರರಲ್ಲಿ ಯಾವುದು ತಪ್ಪಿತೆಂದು ಖಚಿತವಾಗಿ ತೋರಿಸಬಲ್ಲದ್ದು ಹತ್ತಿಪ್ಪತ್ತು ರೂಪಾಯಿಯ ಆ ನೋಟುಪುಸ್ತಕ. ಗಾಡಿಯನ್ನು ಕೊಂಡ ದಿನವೇ ಅದನ್ನೂ ಕೊಳ್ಳುವುದು ಒಳ್ಳೆಯದು.